ದರ್ಜಿ ಬಾಬುವಿನ ಕುತ್ತಿಗೆ

ನಟನೆ ಕಲಿಯಬೇಕೆಂದು ಮಸ್ಕತ್ತಿನ ಹತ್ತಿರದ ಸೀಬ್ ಊರಿನ ನಮ್ಮ ಫ್ಲ್ಯಾಟಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಯಾವ ಕಂಪೆನಿಯ ಮೈಕ್ ಒಳ್ಳೆಯದು ಅಂಕಲ್ ಎಂದು. ಆಮೇಲೆ ಕೇಳುವುದು, ಫಾಲೋವರ್‌ಗಳನ್ನು ಹೆಚ್ಚು ಮಾಡುವುದು ಹೇಗೆ ಎಂದು. ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಅವರ ಫೋನ್ ರಿಂಗಾಗಿ ಎದ್ದು ಹೋಗುತ್ತಾರೆ. ಎದುರಿಗಿನವನು ಮಾತಾಡುವಾಗ ನಾವು ಏನು ಮಾಡುತ್ತಿರಬೇಕು ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ಕೇಳದ ಸಂಗತಿಗಳನ್ನೇ ಬರೆದಿಡುತ್ತಿದ್ದೇನೆ. ಓದುವವರು ಓದಲಿ, ಉಳಿದವರು ಮೈಕ್ ಕೊಳ್ಳಲಿ.

ನಾನು ಒಮಾನಿನಲ್ಲಿ ಹಾಸ್ಯಪಾತ್ರಗಳನ್ನು ಮಾಡಿ ಹೊಟ್ಟೆ ಹೊರೆದವನು. ಮೊದಲು ರೇಡಿಯೋದಲ್ಲಿ, ಆಮೇಲೆ ಟೆಲಿವಿಷನ್ನಿನಲ್ಲಿ. ಹೀರೋ ಅಲ್ಲ, ವಿಲನ್ ಅಲ್ಲ. ಬಾಗಿಲು ದೂಡಿ ಒಳಗೆ ಬಂದು, ಎರಡು ಮಾತು ತಪ್ಪಾಗಿ ಆಡಿ, ಬೈಸಿಕೊಂಡು ಹೊರಗೆ ಹೋಗುವವನು. ಚಹಾ ತರುವವನು, ಕಾರು ತೊಳೆಯುವವನು, ಕಿರಾಣಿ ಅಂಗಡಿಯವನು, ಎಲ್ಲಕ್ಕಿಂತ ಹೆಚ್ಚಾಗಿ ದರ್ಜಿ ಬಾಬು. ರಂಜಾನ್ ತಿಂಗಳಲ್ಲಿ ಇಫ್ತಾರ್ ಮುಗಿಸಿ ಟಿವಿ ಮುಂದೆ ಕೂತವರಿಗೆಲ್ಲ ಬಾಬು ಗೊತ್ತು. ಸದಾನಂದ ಎಂಬ ಹೆಸರು ನನ್ನ ರೆಸಿಡೆಂಟ್ ಕಾರ್ಡಿಗೆ ಮತ್ತು ಹೆಂಡತಿಗೆ ಮಾತ್ರ ಗೊತ್ತು.

ನನಗೆ ಸಿಕ್ಕಿದ ಶಾಲು, ಹಾರ, ಫಲಕಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಫಲಕಗಳನ್ನು ಹೆಂಡತಿ ಶೋಕೇಸಿನಲ್ಲಿ ಸಾಲಾಗಿ ಇಟ್ಟಿದ್ದಾಳೆ. ಅವುಗಳ ಧೂಳು ಒರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಊರು ಕಾಪು ಕಡೆ. ಒಮಾನಿನಲ್ಲಿ ನಾನು ಮೊದಲು ಬಂದು ಸೇರಿದ್ದು ಬುರೈಮಿಯ ಒಂದು ಬಟ್ಟೆ ಅಂಗಡಿಗೆ. ನನ್ನ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಯಜಮಾನನ ತಾಯಿ ದಿನಾ ಸಂಜೆ ಅಂಗಡಿಯ ಒಳಕೋಣೆಯಲ್ಲಿ ಬಂದು ಕೂರುತ್ತಿದ್ದರು. ಆ ಅಜ್ಜಿಗೆ ಏನನ್ನು ಬೇಕಾದರೂ ಸಹಿಸಲಿಕ್ಕೆ ಆಗುತ್ತಿತ್ತು, ತಪ್ಪು ಅರಬ್ಬಿಯನ್ನು ಬಿಟ್ಟು. ಅರಬ್ಬಿಯಲ್ಲಿ ಗಂಡಸಿಗೆ ಹೇಳುವ ರೂಪವನ್ನು ಅವರಿಗೆ ಹೇಳಿದರೆ, "ನನಗೆ ಮೀಸೆ ಬಂದಿದೆಯೇನೋ?" ಎಂದು ಗಿರಾಕಿಗಳ ಎದುರೇ ಕೇಳುತ್ತಿದ್ದರು. ಅವರ ಕಾಟಕ್ಕೆ ನನ್ನ ಅರಬ್ಬಿ ಸ್ವಚ್ಛವಾಯಿತು. ಫೋನಿನಲ್ಲಿ ನನ್ನ ಜೊತೆ ಮಾತಾಡಿದವರು ಅಂಗಡಿಗೆ ಬಂದಾಗ, ಎದುರಿಗೆ ನಿಂತ ನನ್ನನ್ನು ಬಿಟ್ಟು ನನ್ನ ಹಿಂದೆ ಇನ್ಯಾರನ್ನೋ ಹುಡುಕುತ್ತಿದ್ದರು. ಈ ಸ್ವಚ್ಛ ಅರಬ್ಬಿಯೇ ಮುಂದೆ ನನ್ನ ಕಸುಬಿಗೆ ದೊಡ್ಡ ಅಡ್ಡಿಯಾಯಿತು.

ಆಮೇಲೆ ಮಸ್ಕತ್ತಿಗೆ ಬಂದು ರೂವಿಯ ಒಂದು ಖಾಸಗಿ ಸ್ಟುಡಿಯೋದಲ್ಲಿ ಟೈಪಿಸ್ಟ್ ಆದೆ. ಅಲ್ಲಿ ರೇಡಿಯೋಗೆ ಬೇಕಾದ ಇಂಗ್ಲಿಷ್ ಪ್ರಹಸನಗಳನ್ನು ತಯಾರಿಸುತ್ತಿದ್ದರು. ಸೀಟ್ ಬೆಲ್ಟ್ ಹಾಕಿಕೊಳ್ಳಿ, ಸೊಳ್ಳೆಯನ್ನು ದೂರವಿಡಿ, ನೀರನ್ನು ಉಳಿಸಿ, ಇಂಥದ್ದೇ. ಇವನ್ನೆಲ್ಲ ಮಾಡಿಸುತ್ತಿದ್ದವರು ಪಾರ್ಸ್ಲಿ ಸಾಹೇಬರು. ತಮ್ಮ ದೇಶದ ರೇಡಿಯೋ, ಟಿವಿಗಳಲ್ಲಿ ಹಾಸ್ಯಪಾತ್ರ ಮಾಡಿ ಮುದುಕರಾದ ಬ್ರಿಟಿಷ್ ನಟ. ಹೆಂಡತಿಗೆ ಮಸ್ಕತ್ತಿನ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಹಾಗಾಗಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ವಿಲ್ಲಾದಲ್ಲಿ ಇವರೂ ಇದ್ದರು. ಅವರ ಊರಿನಲ್ಲಿ ಅವರು ಮಾಡದ ಪಾತ್ರ ಇರಲಿಲ್ಲವಂತೆ. ಕುಡುಕ, ಪಾದ್ರಿ, ಪೆನ್ಷನ್ ಆದ ಕರ್ನಲ್. ಇಂಡಿಯನ್ ಡಾಕ್ಟರ್ ಬೇಕಾದಾಗಲೂ ಇವರನ್ನೇ ಕರೆಯುತ್ತಿದ್ದರಂತೆ. ಟಿವಿಯಲ್ಲಾದರೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ರೇಡಿಯೋದಲ್ಲಾದರೆ ಬಣ್ಣವಿಲ್ಲದೆ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ಒಂದು ದಿನ ಪ್ರಹಸನಕ್ಕೆ ಒಬ್ಬ ಇಂಡಿಯನ್ ಅಂಗಡಿಯವನ ಧ್ವನಿ ಬೇಕಾಯಿತು. ಟೈಪ್ ಮಾಡುತ್ತಿದ್ದ ನನ್ನನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು. ನಾನು ಎರಡು ಸಾಲು ಓದಿದೆ. ಸಾಹೇಬರು ಹುಬ್ಬು ಗಂಟಿಕ್ಕಿದರು.

"ನಿನ್ನ ಧ್ವನಿ ಸಾಕಷ್ಟು ಇಂಡಿಯನ್ ಆಗಿ ಕೇಳಿಸುವುದಿಲ್ಲ."

"ಸರ್, ನಾನು ಇಂಡಿಯನ್ನೇ."

"ಅದು ನನಗೆ ಗೊತ್ತು. ಕೇಳುವವರಿಗೆ ಹೇಗೆ ಗೊತ್ತಾಗಬೇಕು?"

ಹಾಗೆಂದವರೇ ಇಂಡಿಯನ್ ಹೇಗೆ ಮಾತಾಡುತ್ತಾನೆ ಎಂದು ಮಾಡಿ ತೋರಿಸಿದರು. ಅವರು ತೋರಿಸಿದ ಆ ಇಂಡಿಯನ್ ಯಾವ ಜಿಲ್ಲೆಯವನು ಎಂದು ನನಗೆ ಇವತ್ತಿಗೂ ಪತ್ತೆಯಾಗಿಲ್ಲ. ಮಾತಿನ ಕೊನೆಯಲ್ಲಿ ತಲೆ ಆಡಿಸಬೇಕು ಎಂದರು. "ಸರ್, ಇದು ರೇಡಿಯೋ" ಎಂದೆ. "ತಲೆ ಆಡಿಸಿದ್ದು ಕೇಳಿಸುತ್ತದೆ" ಎಂದು ಗದರಿದರು. ಕಾಪು ಕಡೆಯ ಹುಡುಗ, ಇಂಗ್ಲೆಂಡಿನ ಮುದುಕನಿಂದ ಇಂಡಿಯನ್ ಆಗುವುದನ್ನು ಕಲಿತು, ಒಮಾನಿನ ಜನರಿಗೆ ಸೀಟ್ ಬೆಲ್ಟ್ ಹಾಕಿಕೊಳ್ಳಲು ಹೇಳಿದ. ನನ್ನ ವೃತ್ತಿ ಶುರುವಾದದ್ದು ಇಷ್ಟು ಮರ್ಯಾದೆಯಿಂದ.

ಆದರೆ ಕೆಲಸ ಗೊತ್ತಿದ್ದ ಮನುಷ್ಯ. ಅದನ್ನು ಇಲ್ಲವೆಂದರೆ ನಾಲಿಗೆಗೆ ಹುಳ ಬೀಳುತ್ತದೆ. ಕಾಗದ ಮಗುಚುವ ಸದ್ದು ಮೈಕಿಗೆ ಬೀಳದ ಹಾಗೆ ಹಾಳೆಯ ಮೂಲೆಯನ್ನು ಮೊದಲೇ ಮಡಚಿಟ್ಟುಕೊಳ್ಳುವುದು, ನಗಿಸುವ ಮಾತಿನ ಮುಂಚೆ ಉಸಿರು ಎಳೆದುಕೊಳ್ಳದಿರುವುದು, ಏಕೆಂದರೆ ಆ ಉಸಿರು ಕೇಳಿದರೆ ಜನರಿಗೆ ಜೋಕ್ ಬರುತ್ತಿದೆ ಎಂದು ಗೊತ್ತಾಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಇವೆಲ್ಲ ಅವರಿಂದ ಬಂದದ್ದು. ಆಗ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ತಪ್ಪು ಮಾಡಿದರೆ ಒಬ್ಬ ಮನುಷ್ಯ ಕೂತು ಅದನ್ನು ಕೊಯ್ಯಬೇಕಾಗಿತ್ತು. ಅವನ ಮುಖ ನೋಡಿಯಾದರೂ ನಾವು ಎರಡನೆಯ ಸಲಕ್ಕೆ ಸರಿಯಾಗಿ ಓದುತ್ತಿದ್ದೆವು. ಈಗ ನೂರು ಸಲ ತಪ್ಪು ಓದುತ್ತಾರೆ, ಒಂದರಲ್ಲಿ ಸರಿಯಾದರೆ ಅದಕ್ಕೆ ಟ್ಯಾಲೆಂಟ್ ಎನ್ನುತ್ತಾರೆ.

ಒಮ್ಮೆ ಸಾಹೇಬರು ಸ್ಟುಡಿಯೋದ ಫೋನಿನಲ್ಲಿ ಹೆಂಡತಿಯ ಹತ್ತಿರ ಮಾತಾಡುತ್ತಿದ್ದರು. ಬಾಗಿಲಾಚೆ ಇದ್ದ ನಾನು ಒಳಗೆ ಬೇರೆ ಯಾರೋ ಬಂದಿದ್ದಾರೆ ಎಂದುಕೊಂಡೆ. ಮೆತ್ತಗಿನ, ತಗ್ಗಿದ, ಸ್ವಲ್ಪ ಹೆದರಿದ ಹಾಗಿದ್ದ ದನಿ. ಅದು ಅವರ ಸ್ವಂತ ದನಿ ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. "ನಿಮ್ಮ ಈ ದನಿಯಲ್ಲಿ ಯಾಕೆ ಪಾತ್ರ ಮಾಡುವುದಿಲ್ಲ ಸರ್?" ಎಂದು ಕೇಳಿದೆ. "ಯಾರೂ ಕೇಳಲಿಲ್ಲ" ಎಂದರು. ಅವರು ಹೇಳಿಕೊಟ್ಟ ಪಾಠಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅದೊಂದೇ, ಆದರೆ ಅರ್ಥವಾದದ್ದು ತಡವಾಗಿ. ಕಾಂಟ್ರ್ಯಾಕ್ಟ್ ಮುಗಿದು ಅವರು ಹೋದ ಮೇಲೆ ಸ್ಟುಡಿಯೋ ಮುಚ್ಚಿತು. ನಾನು ಟಿವಿಗೆ ಬಂದೆ.

ಟಿವಿಯಲ್ಲಿ ಮೊದಲ ದಿನವೇ ರಗಳೆ. ರಂಜಾನಿನ ಹಾಸ್ಯ ಧಾರಾವಾಹಿ. ನಿರ್ದೇಶಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರಿಗೆ ಏನು ಬರುತ್ತಿತ್ತೆಂದು ಉಸ್ತಾದ್ ಎನ್ನುತ್ತಿದ್ದರೋ ನನಗೆ ತಿಳಿಯದು. ನನ್ನ ಪಾತ್ರ ದರ್ಜಿ ಬಾಬು. ಅಬು ಸಾಲೆಮ್ ಎಂಬ ಜಿಪುಣ ಯಜಮಾನನಿಗೆ ದಿಶ್ದಾಶ, ಅಂದರೆ ಇಲ್ಲಿನ ಗಂಡಸರು ತೊಡುವ ಉದ್ದನೆಯ ಅಂಗಿ, ಹೊಲಿದುಕೊಡುವವನು. ನಾನು ಬುರೈಮಿಯ ಅರಬ್ಬಿಯಲ್ಲಿ ನನ್ನ ಮಾತು ಒಪ್ಪಿಸಿದೆ. ಉಸ್ತಾದ್ "ಕಟ್" ಎಂದು ಕಿರುಚಿದರು.

"ಇದೇನು ವಾರ್ತೆ ಓದುತ್ತಿದ್ದೀಯಾ? ಇಂಡಿಯನ್ ದರ್ಜಿ ಹೀಗೆ ಮಾತಾಡಿದರೆ ಯಾರು ನಗುತ್ತಾರೆ? ಒಡಕು ಅರಬ್ಬಿ ಬೇಕು, ಒಡಕು!"

ಹಾಗೆ ಮತ್ತೊಮ್ಮೆ ನಾನು ಸಾಕಷ್ಟು ಇಂಡಿಯನ್ ಅಲ್ಲ ಎಂದಾಯಿತು. ಬರೆದುಕೊಡುವ ಪಂಡಿತರೋ, ಒಡಕು ಅರಬ್ಬಿ ಎಂದರೆ ಬಾಯಿಗೆ ಬಂದದ್ದು ಒದರುವುದು ಎಂದು ತಿಳಿದಿದ್ದರು. ಅದಕ್ಕೂ ಒಂದು ಕ್ರಮ ಉಂಟು. ಗೊತ್ತಿಲ್ಲ ಎನ್ನಲು ಒಮಾನಿ "ಮಾ ಅರಫ್" ಎನ್ನುವಲ್ಲಿ ನಮ್ಮವರು "ಮಾಫಿ ಮಾಲೂಮ್" ಎನ್ನುತ್ತಾರೆ, ಬಂಗಾಳಿ ಆದರೂ ಮಲಯಾಳಿ ಆದರೂ ಹಾಗೆಯೇ ಎನ್ನುತ್ತಾರೆ. ತಪ್ಪನ್ನು ಸರಿಯಾಗಿ ಮಾಡಲು ನಾನು ಸೀಬಿನ ಸೂಕಿಗೆ, ಅಂದರೆ ಹಳೇ ಪೇಟೆಗೆ, ಹೋಗಿ ಕೂತೆ. ಕೂತದ್ದು ಹಮೀದಾಕನ ಟೈಲರ್ ಅಂಗಡಿಯಲ್ಲಿ.

ಹಮೀದಾಕ ಉಳ್ಳಾಲ ಕಡೆಯ ಬ್ಯಾರಿ. ನನಗಿಂತ ಸ್ವಲ್ಪ ದೊಡ್ಡವರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ಕುತ್ತಿಗೆಗೆ ಟೇಪ್ ನೇತುಹಾಕುವ ರೀತಿ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗೆ ಉತ್ತರ ಕೊಡುವ ರೀತಿ, ಎಲ್ಲವನ್ನೂ ಅವರನ್ನು ನೋಡಿ ಎತ್ತಿಕೊಂಡೆ. ಅವರಿಗೆ ಖುಷಿ. "ನನ್ನ ಹಾಗೆಯೇ ಮಾಡ್ತೀರಾ? ಹಾಗಾದ್ರೆ ಕನ್ನಡಕ ಸ್ವಲ್ಪ ಕೆಳಗೆ ಹಾಕಿ ಮಾರಾಯ್ರೆ, ಮೂಗಿನ ತುದಿಗೆ" ಎಂದು ತಾವೇ ಸರಿಮಾಡಿದರು. ಬಾಬು ಜನಪ್ರಿಯನಾದ ಮೇಲೆ ಅಂಗಡಿಗೆ ಬಂದವರಿಗೆಲ್ಲ, "ಅದು ನಾನೇ, ಅಲ್ಲಿ ಬೇರೆಯವರು ನನ್ನನ್ನು ಮಾಡುದು" ಎಂದು ಹೇಳಿಕೊಳ್ಳುತ್ತಿದ್ದರು.

ಈಗ ಪೆಟ್ಟಿನ ವಿಷಯ. ಅಬು ಸಾಲೆಮ್ ಪಾತ್ರ ಮಾಡುತ್ತಿದ್ದ ದೊಡ್ಡ ನಟ ಒಂದು ದಿನ, ಸ್ಕ್ರಿಪ್ಟಿನಲ್ಲಿ ಇಲ್ಲದೆ, ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದ ನನ್ನ ಕುತ್ತಿಗೆಯ ಹಿಂದೆ ಫಟಾರನೆ ಬಾರಿಸಿದ. ನಟನೆಯ ಪೆಟ್ಟಲ್ಲ, ನಿಜದ್ದೇ. ನನ್ನ ಬಾಯಿಂದ ನನಗೆ ಗೊತ್ತಿಲ್ಲದೆ "ಯಾವು!" ಎಂದು ಹೊರಟಿತು. ತುಳುವಿನಲ್ಲಿ ಯಾವು ಎಂದರೆ ಸಾಕು. ನಾನು ಹೇಳಿದ್ದು, ಸಾಕು, ನಿಲ್ಲಿಸು ಎಂದು. ಸೆಟ್ಟಿನಲ್ಲಿದ್ದವರಿಗೆ ಕೇಳಿಸಿದ್ದು ಬೆಕ್ಕಿನ ಬಾಲ ತುಳಿದಾಗ ಬರುವಂಥ ಒಂದು ಕೂಗು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಉಸ್ತಾದ್ ಓಡಿ ಬಂದು ನನ್ನ ಕೆನ್ನೆ ಹಿಂಡಿ, "ಆ ಸದ್ದು ಇನ್ನೊಮ್ಮೆ ಮಾಡು!" ಎಂದರು. ಸದ್ದು ಬೇಕಾದರೆ ಪೆಟ್ಟು ಬೇಕಲ್ಲ. ಇನ್ನೊಮ್ಮೆ ಬಿತ್ತು, ಮತ್ತೊಮ್ಮೆ ಬಿತ್ತು, ಬೆಳಕು ಸರಿಯಿಲ್ಲವೆಂದು ಪುನಃ ಬಿತ್ತು. ನಾನು ಸಾಕು ಸಾಕು ಎಂದಷ್ಟೂ ಅವರು ಇನ್ನೂ ಬೇಕು ಎನ್ನುತ್ತಿದ್ದರು. ಸಂಜೆ ಉಸ್ತಾದ್‌ಗೆ ಅದರ ಅರ್ಥ ಬಿಡಿಸಿ ಹೇಳಿದೆ. "ಅರ್ಥ ಯಾರಿಗೆ ಬೇಕು, ಸದ್ದು ಚೆನ್ನಾಗಿದೆ" ಎಂದರು. ಮಾರನೆಯ ವಾರ ಅದು ಅರಬ್ಬಿ ಅಕ್ಷರಗಳಲ್ಲಿ ಸ್ಕ್ರಿಪ್ಟಿಗೇ ಬಂತು. ಪ್ರತಿ ಕಂತಿಗೆ ಒಂದು ಪೆಟ್ಟು, ಒಂದು ಯಾವು. ಪೆಟ್ಟು ಮಾತ್ರ ಕೆಲವು ವರ್ಷಗಳ ಮೇಲೆ ತೋರಿಕೆಯದ್ದಾಯಿತು. ದೊಡ್ಡ ನಟನಿಗೂ ವಯಸ್ಸಾಗಿ ಕೈ ನೋಯುತ್ತಿತ್ತಂತೆ.

ಅರ್ಥ ಗೊತ್ತಿಲ್ಲದವರು ನಕ್ಕರು, ಬಿಡಿ. ಗೊತ್ತಿದ್ದ ನಮ್ಮವರ ಕಥೆ ಕೇಳಿ. ಮಸ್ಕತ್ತಿನ ನಮ್ಮ ಕರಾವಳಿಯವರ ಯಾವ ಕಾರ್ಯಕ್ರಮವೇ ಇರಲಿ, ಊಟಕ್ಕೆ ತಡವಾಗುತ್ತಿದ್ದರೆ ನನ್ನನ್ನು ವೇದಿಕೆಗೆ ಹತ್ತಿಸುತ್ತಿದ್ದರು. "ಸದಾನಂದಣ್ಣ, ಒಮ್ಮೆ ಯಾವು ಹೇಳಿ!" ಎಂದು ಮುಂದಿನ ಸಾಲಿನಿಂದ ಕೂಗು. ಸೂಟು ಹಾಕಿದವರು, ಕಂಪೆನಿಗಳ ಮ್ಯಾನೇಜರುಗಳು, ತುಳು ಉಳಿಯಬೇಕೆಂದು ಆಗಷ್ಟೇ ಭಾಷಣ ಮಾಡಿದವರು. ನಾನು ಸಾಕು ಎಂದು ಹೇಳುತ್ತೇನೆ, ಅವರಿಗೆ ಅದು ಸಾಕು ಎಂದೇ ತಿಳಿಯುತ್ತದೆ, ಮತ್ತೂ ಒನ್ಸ್ ಮೋರ್ ಎನ್ನುತ್ತಾರೆ. ಇಂಡಿಯನ್ ಸ್ಕೂಲಿನಲ್ಲಿದ್ದ ನನ್ನ ಮಗಳು ಗೆಳತಿಯರಿಗೆ, ಮೈ ಫಾದರ್ ಈಸ್ ಇನ್ ಮೀಡಿಯಾ ಎಂದಷ್ಟೇ ಹೇಳುತ್ತಿದ್ದಳು. ಅವಳು ಜಾಣೆ.

ಇತ್ತೀಚೆಗೆ ಇದಕ್ಕೂ ಯಂತ್ರ ಬಂದಿದೆ. ಒಂದು ಜಾಹೀರಾತು ಕಂಪೆನಿಯವರು ಕರೆದು, ಕಂಪ್ಯೂಟರಿಗೆ ಧ್ವನಿ ಕಲಿಸಬೇಕು, ಈ ವಾಕ್ಯಗಳನ್ನು ಓದಿ ಅಂಕಲ್ ಎಂದರು. ನಾನು ನನ್ನ ಮಾಮೂಲು ದನಿಯಲ್ಲಿ ಓದತೊಡಗಿದೆ. ಅಲ್ಲಿದ್ದ ಹುಡುಗಿ ತಡೆದಳು. "ಇದು ಇಂಡಿಯನ್, ವಯಸ್ಸಾದವರು, ಕಾಮಿಕ್ ಅಂತ ಉಂಟು ಅಂಕಲ್. ಸ್ವಲ್ಪ ಬಾಬು ಥರ ಓದಿ." ಬರೇ ಇಂಡಿಯನ್, ವಯಸ್ಸಾದವರು ಎಂಬುದು ಇಲ್ಲವೇ ಎಂದೆ. ಅವಳು ಪರದೆಯನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇಲ್ಲ ಅಂಕಲ್, ಆ ಆಪ್ಷನ್ ಇಲ್ಲ" ಎಂದಳು. ಪಾರ್ಸ್ಲಿ ಸಾಹೇಬರ ಕಾಲದಲ್ಲಿ ಮನುಷ್ಯರಿಗೆ ಇದ್ದ ಬುದ್ಧಿಯೇ ಈಗ ಯಂತ್ರಕ್ಕೂ ಬಂದಿದೆ. ಇದನ್ನು ಪ್ರಗತಿ ಎನ್ನುವವರು ಎನ್ನಲಿ.

ಇನ್ನು ಹೇಳುವುದು ಯಂತ್ರ ಬರುವುದಕ್ಕೆ ಬಹಳ ಮುಂಚಿನ ಮಾತು. ಒಂದು ರಂಜಾನಿನ ಕೊನೆಯಲ್ಲಿ, ಈದ್‌ಗೆ ಬಟ್ಟೆ ಹೊಲಿಸುವವರ ನೂಕುನುಗ್ಗಲು. ನಾನು ಸೂಕಿಗೆ ಹೋದಾಗ ಹಮೀದಾಕನ ಅಂಗಡಿ ವಿಚಿತ್ರವಾಗಿ ಕಂಡಿತು. ಅವರು ಯಾವಾಗಲೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಹೊರಗಿನ ಬೆಳಕು ಹೊಲಿಗೆಯ ಮೇಲೆ ಬೀಳಲೆಂದು. ಈಗ ಮೆಷಿನನ್ನು ಹಿಂದಿನ ಗೋಡೆಗೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು, ಹಾಕಿದ ಹೊಲಿಗೆಯನ್ನೇ ಬಿಚ್ಚುತ್ತಿದ್ದರು. ಕೆಳತುಟಿ ಊದಿತ್ತು.

"ಎಂತಾಯ್ತು ಹಮೀದಾಕ?"

"ಎಂತ ಇಲ್ಲ. ಸೂಜಿ ತಾಗಿದ್ದು."

ಪಕ್ಕದ ಕ್ಷೌರದಂಗಡಿಯವನು ಹೇಳಿದ. ತಂದೆಯ ಜೊತೆ ಅಳತೆ ಕೊಡಲು ಬಂದ ಒಬ್ಬ ಚಿಕ್ಕ ಹುಡುಗ ಹಿಂದಿನಿಂದ ಓಡಿ ಬಂದು, "ಬಾಬು! ಯಾವು!" ಎಂದು ಕೂಗಿ ಹಮೀದಾಕನ ಕುತ್ತಿಗೆಗೆ ಬಾರಿಸಿದ್ದ. ಬಾಯಲ್ಲಿದ್ದ ಗುಂಡುಸೂಜಿಗಳು ತುಟಿಗೆ ಚುಚ್ಚಿ, ಮಡಿಲಲ್ಲಿದ್ದ ಬಿಳಿ ಬಟ್ಟೆಯ ಮೇಲೆಲ್ಲ ರಕ್ತ. ಒಂದು ಸೂಜಿ ಒಳಗೆ ಹೋಗಿದ್ದರೆ ಗತಿಯೇನು? ಆ ತಂದೆ ಮರ್ಯಾದಸ್ಥ. ಮಗನಿಗೆ ಅಲ್ಲೇ ಬೈದು ಹಮೀದಾಕನ ತಲೆಗೆ ಮುತ್ತಿಟ್ಟು ಕ್ಷಮೆ ಕೇಳಿದರಂತೆ. ಆದರೆ ಬಂದದ್ದು ಆ ಹುಡುಗ ಒಬ್ಬನೇ ಅಲ್ಲ. ಟಿವಿ ನೋಡುವ ಮಕ್ಕಳೆಲ್ಲ ಬರುತ್ತಿದ್ದರು. ಅದಕ್ಕೇ ಮೆಷಿನು ಗೋಡೆಗೆ ಹೋದದ್ದು.

ನನಗೆ ಮೈ ಉರಿಯಿತು. ಒಳಗೆ ಹೋಗಿ ಅವರ ಎದುರಿನ ಸ್ಟೂಲಿನಲ್ಲಿ ಕೂತೆ. ಹಮೀದಾಕನೇ ಮೆಲ್ಲಗೆ ಕೇಳಿದರು.

"ಒಂದು ಉಪಕಾರ ಮಾಡ್ಲಿಕ್ಕೆ ಆಗ್ತದಾ? ಬಾಬುವನ್ನು ದರ್ಜಿ ಮಾಡುದು ಬೇಡ. ಕ್ಷೌರ ಮಾಡುವವ ಅಂತ ಮಾಡಿ."

"ಆಗ ಪಕ್ಕದವನ ಕುತ್ತಿಗೆಗೆ ಬೀಳುದಲ್ವಾ?"

ಅವರು ಕ್ಷೌರದಂಗಡಿಯ ಕಡೆ ನೋಡಿದರು. "ಹೌದಲ್ಲಾ. ಅವನೂ ಪಾಪದವ" ಎಂದು ಮತ್ತೆ ಹೊಲಿಗೆ ಬಿಚ್ಚತೊಡಗಿದರು.

ಬಾಬುವಿನ ಕುತ್ತಿಗೆಗೆ ಇನ್ನು ಪೆಟ್ಟು ಬೀಳಬಾರದು, ಹಮೀದಾಕನ ಮೆಷಿನು ಬೆಳಕಿಗೆ ಮರಳಬೇಕು. ನನಗೆ ಬೇಕಾದದ್ದು ಅಷ್ಟೇ. ಮುಂದಿನ ಧಾರಾವಾಹಿಯ ಮುಂಚೆ ಉಸ್ತಾದ್‌ರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು, ಪಾಪ ಎಂದರು, ಕಾವಾ ಎಂಬ ಇಲ್ಲಿನ ಕಾಫಿ ಕುಡಿಸಿದರು. ಆಮೇಲೆ, "ಪೆಟ್ಟು ತಿನ್ನದ ಬಾಬು ಯಾರು? ಬರೀ ಒಬ್ಬ ದರ್ಜಿ. ದರ್ಜಿಯನ್ನು ನೋಡಲು ಜನ ಸೂಕಿಗೆ ಹೋಗುತ್ತಾರೆ, ಟಿವಿ ಯಾಕೆ ಹಾಕುತ್ತಾರೆ?" ಎಂದು ನಕ್ಕರು. ಹೊಸ ಸ್ಕ್ರಿಪ್ಟ್ ಬಂತು. ಮೊದಲ ಕಂತಿನಲ್ಲೇ ಪೆಟ್ಟು.

ಹೇಳಿ ಆಗದಿದ್ದರೆ ಮಾಡಿ ನೋಡುವುದು ಎಂದುಕೊಂಡೆ. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ, ನೆಲಕ್ಕೆ ಬಿದ್ದ ಗುಂಡಿ ಹೆಕ್ಕುವವನಂತೆ ಬಗ್ಗುವುದು. ಪೆಟ್ಟು ಗಾಳಿಗೆ ಹೋಗುತ್ತದೆ, ಹೊಡೆಯಲು ಬಂದವನು ಮಂಗನಾಗುತ್ತಾನೆ, ಜನ ಅವನನ್ನು ನೋಡಿ ನಗುತ್ತಾರೆ. ಇದು ಪಾರ್ಸ್ಲಿ ಸಾಹೇಬರು ತಮ್ಮ ಟಿವಿ ದಿನಗಳದ್ದೆಂದು ಕಲಿಸಿದ ವಿದ್ಯೆ, ತಪ್ಪುವಂಥದ್ದಲ್ಲ. ನಾನು ಬಗ್ಗಿದೆ. ದೊಡ್ಡ ನಟನ ಕೈ ಗಾಳಿಯಲ್ಲಿ ನಿಲ್ಲದೆ ಸೀದಾ ಇಸ್ತ್ರಿ ಮೇಜಿನ ಕಬ್ಬಿಣಕ್ಕೆ ಹೋಗಿ ಬಡಿಯಿತು. ವಯಸ್ಸಾದ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತು. ಶೂಟಿಂಗ್ ನಿಂತಿತು, ಆಸ್ಪತ್ರೆ, ಬ್ಯಾಂಡೇಜು. ನನ್ನ ಕುತ್ತಿಗೆ ಎಷ್ಟೋ ಸಲ ಊದಿಕೊಂಡಾಗ ಐಸ್ ತರಲು ಓಡದವರು ಅವತ್ತು ಐಸಿಗಾಗಿ ಓಡಿದ್ದನ್ನು ನೋಡಬೇಕಿತ್ತು. ಉಸ್ತಾದ್ ನನ್ನನ್ನು ಮೂಲೆಗೆ ಕರೆದು, "ಇನ್ನೊಮ್ಮೆ ಬಗ್ಗಿದರೆ ಖಲಾಸ್" ಎಂದರು.

ಬ್ಯಾಂಡೇಜು ಬಿಚ್ಚಿದ ಮೇಲೆ ಅದೇ ದೃಶ್ಯ ಮತ್ತೆ. ಯಲ್ಲಾ, ಯಲ್ಲಾ ಎಂದು ಗಡಿಬಿಡಿ. ನಾನು ಈ ಸಲ ಬಗ್ಗಲಿಲ್ಲ. ದೊಡ್ಡ ನಟ, ಹಳೆಯ ಸಿಟ್ಟು ಇತ್ತಲ್ಲ, ತೋರಿಕೆಯ ಪೆಟ್ಟು ಬಿಟ್ಟು ಕೈ ಬೀಸಿ ಹೊಡೆದ. ಕ್ಯಾಮೆರಾ ಓಡುತ್ತಿತ್ತು. ಎಲ್ಲರೂ ಯಾವು ಎಂಬ ಸದ್ದಿಗೆ ಕಾಯುತ್ತಿದ್ದರು. ನಾನು ಕತ್ತರಿ ಕೆಳಗಿಟ್ಟೆ. ತಿರುಗಿದೆ. ಬುರೈಮಿಯ ಅಜ್ಜಿ ತಿದ್ದಿ ತಿದ್ದಿ ಕಲಿಸಿದ ಅರಬ್ಬಿಯಲ್ಲಿ, ನನ್ನ ಸ್ವಂತ ದನಿಯಲ್ಲಿ ಹೇಳಿದೆ.

"ಅಬು ಸಾಲೆಮ್, ಇಷ್ಟು ವರ್ಷ ನಾನೂ ನಿನ್ನ ಕುತ್ತಿಗೆಗೆ ಕೈ ಹಾಕಿದ್ದೇನೆ. ಅಳತೆ ತೆಗೆಯಲು. ಒಂದು ಸಲವೂ ನಿನಗೆ ನೋವಾಗಲಿಲ್ಲ. ನಿನ್ನ ಕೈ ನನ್ನ ಕುತ್ತಿಗೆಗೆ ಯಾಕೆ ಬರುತ್ತದೆ?"

ಯಾರೂ ನಗಲಿಲ್ಲ. ದೊಡ್ಡ ನಟ, ಅಷ್ಟು ಅನುಭವದ ಮನುಷ್ಯ, ತನ್ನ ಕೈಯನ್ನು ತಾನೇ ನೋಡಿಕೊಂಡು ನಿಂತ. ಧ್ವನಿ ಹಿಡಿಯುತ್ತಿದ್ದ ಒಮಾನಿ ಮುದುಕ ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡುತ್ತಿದ್ದ. ಒಂದು ಒಳ್ಳೆಯ ದೃಶ್ಯ ನಡೆದಾಗ ಸೆಟ್ಟಿನಲ್ಲಿ ಆಗುವ ಮೌನ ನನಗೆ ಗೊತ್ತು. ಅದೇ ಮೌನ. ಭಯವಾಗಬೇಕಿತ್ತು, ನನಗೆ ಆದದ್ದು ಸಂತೋಷ.

ಉಸ್ತಾದ್ "ಕಟ್" ಎಂದರು. "ಬಾಬುವಿಗೆ ಅರಬ್ಬಿ ಬರುವುದಿಲ್ಲ. ಅಳಿಸಿ."

ಅಳಿಸಿದರು. ಬ್ಲೇಡಿನ ಕಾಲದಲ್ಲಾದರೆ ಕತ್ತರಿಸಿದ ತುಂಡು ನೆಲದ ಮೇಲಾದರೂ ಬಿದ್ದಿರುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ಮುಗಿಯಿತು. ನನ್ನ ಜೀವಮಾನದಲ್ಲಿ ನಾನು ನಿಜವಾಗಿ ನಟಿಸಿದ್ದು ಅಥವಾ ನಟಿಸದೆ ಇದ್ದದ್ದು, ಯಾವುದೆಂದು ಹೇಳಲಾರೆ, ಆ ಮೂರು ನಾಲ್ಕು ಮಾತುಗಳನ್ನು. ಅವನ್ನು ನೋಡಿದವರು ಆ ಕೋಣೆಯಲ್ಲಿದ್ದವರು ಮಾತ್ರ. ನನ್ನನ್ನು ಮನೆಗೆ ಕಳಿಸಿದರು. ಬಾಬು ಊರಿಗೆ ಹೋದ ಎಂದು ಒಂದು ಸಾಲು ಸೇರಿಸಿ ಕಥೆ ಮುಂದುವರಿಸಿದರು. ಆಫೀಸಿನ ಭಾಷೆಯಲ್ಲಿ ಇದಕ್ಕೆ ನಿವೃತ್ತಿ ಎನ್ನುತ್ತಾರೆ, ಒಂದು ಫಲಕವನ್ನೂ ಕೊಟ್ಟರು.

ಮರುದಿನ ಸಂಜೆ ಹಮೀದಾಕನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೆಷಿನು ನಿಲ್ಲಿಸಿ ಕೇಳಿದರು.

"ಕೆಲಸ ಹೋಯ್ತಾ?"

"ಹೋಯ್ತು."

"ಟಿವಿಯಲ್ಲಿ ಅದು ಬರುದಿಲ್ವಾ?"

"ಬರುದಿಲ್ಲ. ಅಳಿಸಿದ್ರು."

ಅವರು ಎದ್ದು ಬಾಗಿಲು ಅರ್ಧ ಮುಚ್ಚಿದರು. "ಹಾಗಾದ್ರೆ ಇಲ್ಲಿ ಒಮ್ಮೆ ಮಾಡಿ ತೋರಿಸಿ. ನನಗೆ ನೋಡ್ಬೇಕು."

ನಾನು ಉಬ್ಬಿಹೋದೆ. ನಟನಿಗೆ ಒಬ್ಬ ಪ್ರೇಕ್ಷಕ ಸಿಕ್ಕಿದರೂ ಸಾಕು. ಮೇಜಿನ ಮೇಲಿದ್ದ ದಿಶ್ದಾಶದ ಬಟ್ಟೆಯನ್ನು ಸರಿಸಿ ಕತ್ತರಿ ಹಿಡಿದು ಬಗ್ಗಿ ನಿಂತೆ. "ನೀವು ಅಬು ಸಾಲೆಮ್. ಹಿಂದಿನಿಂದ ಬಂದು ಒಂದು ಕೊಡಿ. ಜೋರಾಗಿಯೇ ಕೊಡಿ. ಪೆಟ್ಟು ಬೀಳದೆ ನನ್ನ ಮಾತು ಹೊರಡುದಿಲ್ಲ" ಎಂದೆ. ಹಮೀದಾಕ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಕೈ ಎತ್ತಿದಾಗ ಅವರ ಅಂಗಿಯ ತೋಳು ಸರಿದ ಸದ್ದೂ ಕೇಳಿಸಿತು. ನಾನು ಕುತ್ತಿಗೆ ಬಿಗಿ ಹಿಡಿದು ಕಾದೆ. ಬೀಳಲಿಲ್ಲ. ಇನ್ನೂ ಕಾದೆ.

ತಿರುಗಿ ನೋಡಿದರೆ ಅವರ ಕೈ ಮೇಲೆಯೇ ಇತ್ತು.

"ನನ್ನಿಂದ ಆಗುದಿಲ್ಲ ಮಾರಾಯ್ರೆ" ಎಂದರು. "ಪೆಟ್ಟು ಬಿತ್ತು ಅಂತ ತಿಳ್ಕೊಂಡು ನೀವು ಹೇಳಿ. ನಾನು ಕೇಳ್ತೇನೆ."

ನಾನು ಬಾಯಿ ತೆರೆದೆ. ಆ ಮಾತು ಆಡಬೇಕಾದರೆ ಎದುರಿಗೆ ಹೊಡೆದವನು ಇರಬೇಕು. ಎದುರಿಗೆ ಇದ್ದದ್ದು ಹಮೀದಾಕ. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಮಾತು ಮರೆತು ನಿಂತದ್ದು ಅದೊಂದೇ ಸಲ.